ಆಮೆಗೊಂದು ಬಲ್ಬು

ಅಣ್ಣ ಪ್ಲಗ್ ಕಿತ್ತ. ತಂಗಿ ಮತ್ತೆ ಸಿಕ್ಕಿಸಿದಳು. ಮರದ ಪೆಟ್ಟಿಗೆಯ ಮೇಲೆ ತೂಗುತ್ತಿದ್ದ ಬಲ್ಬು ಆರಿ ಹೊತ್ತಿಕೊಂಡಿತು. ಕೆಳಗೆ ಚಪ್ಪಡಿ ಕಲ್ಲಿನ ಮೇಲೆ ಕಾಲು ಚಾಚಿ ಮೈ ಕಾಯಿಸಿಕೊಳ್ಳುತ್ತಿದ್ದ ಆಮೆ ಕತ್ತೆತ್ತಿ ಇಬ್ಬರನ್ನೂ ನೋಡಿತು. ಇವರ ಜಗಳ ತನಗ್ಯಾಕೆ ಎಂಬಂತೆ ಸೊಪ್ಪಿನ ಕಡೆ ಹೊರಟು, ದಾರಿಯಲ್ಲಿ ಹಲಗೆಗೆ ಡಬ್ಬೆಂದು ಚಿಪ್ಪು ಬಡಿದುಕೊಂಡಿತು.

"ಕೇಳಿಸ್ತಾ? ಬೆಳಗ್ಗೆಯಿಂದ ಇದೇ ಡಬ ಡಬ. ಮನುಷ್ಯ ಅನ್ನೋನು ಮಲಗೋದು ಬೇಡ್ವಾ?" ಎಂದ ಅಣ್ಣ.

ಅವನ ದೂರಿನಲ್ಲಿ ಸುಳ್ಳಿರಲಿಲ್ಲ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅವನದು ಸದಾ ರಾತ್ರಿ ಪಾಳಿ. ಊರೆಲ್ಲ ಕೆಲಸಕ್ಕೆ ಹೊರಡುವಾಗ ಅವನು ಹಾಸಿಗೆ ಸೇರುತ್ತಾನೆ. ಹಾಗಾಗಿ ಆ ಮನೆಯಲ್ಲಿ ಹಗಲು ಹೊತ್ತು ಪಾತ್ರೆಗಳೂ ಪಿಸುಗುಟ್ಟಬೇಕು. ತುದಿಗಾಲಲ್ಲಿ ನಡೆದು ನಡೆದು ರೂಢಿಯಾದ ಅತ್ತಿಗೆ ಈಗ ತರಕಾರಿ ಅಂಗಡಿಗೂ ಹಾಗೇ ಹೋಗಿ ಬರುತ್ತಾಳೆ.

ಗಂಡನನ್ನು ಬಿಟ್ಟು ಬಂದ ದಿನ ತಂಗಿಯ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಈ ಆಮೆ. ಇಬ್ಬರಿಗೂ ಸಿಕ್ಕಿದ್ದು ಬಿಸಿಲೇ ಬೀಳದ ಹಿಂದಿನ ಕೋಣೆ. ವರ್ಷವಿಡೀ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಮನೆಯಲ್ಲಿ ಇದ್ದಾರೋ ಇಲ್ಲವೋ ಗೊತ್ತೇ ಆಗುವುದಿಲ್ಲ ಎಂದು ಅಣ್ಣ ಬಂದವರ ಮುಂದೆಲ್ಲ ಹೊಗಳುತ್ತಿದ್ದ. ಅವಳಾದರೂ ಆಮೆಯನ್ನು ನಡುಮನೆಯ ಮುಚ್ಚಿದ ಕಿಟಕಿಯ ಬಿಸಿಲಿಗೆ ಒಂದಷ್ಟು ಹೊತ್ತು ಇಟ್ಟು, ಇಷ್ಟು ಸಾಕು ಎಂದುಕೊಂಡಿದ್ದಳು. ಕಾಲು ಸೋತು, ಚಿಪ್ಪು ಮೆತ್ತಗಾಗಿ, ಅದು ಎಲೆಯನ್ನೂ ಮೂಸದೆ ಹೋದಾಗಲೇ ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದ್ದು. ಗಾಜು ದಾಟಿ ಬರುವ ಬಿಸಿಲಿನಲ್ಲಿ ಬೆಳಕೇನೋ ಇರುತ್ತದೆ, ಚಿಪ್ಪನ್ನು ಗಟ್ಟಿ ಮಾಡುವ ಕಿರಣ ಇರುವುದಿಲ್ಲ ಎಂದರು ಅವರು. ಅಂದಿನಿಂದ ಪೆಟ್ಟಿಗೆಯ ಮೇಲೆ ಆ ಕಿರಣ ಕೊಡುವ ಉದ್ದನೆಯ ಟ್ಯೂಬು ಬಂತು, ಒಂದು ತುದಿಯಲ್ಲಿ ಕಾವಿಗೆಂದು ಬಲ್ಬು ಬಂತು. ಇನ್ನೊಂದು ತುದಿ ತಂಪಿಗೆ, ಸೆಕೆಯಾದರೆ ಸರಿದು ಕೂರಲಿ ಎಂದು. ಬೆಳಗ್ಗೆ ಹೊತ್ತಿಸಿ ಸಂಜೆ ಆರಿಸುವುದು. ಕೆಲವೇ ತಿಂಗಳಲ್ಲಿ ಆಮೆಗೆ ರೆಕ್ಕೆ ಬಂದಂತಾಯಿತು. ತಂಗಿಯೂ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಮಧ್ಯಾಹ್ನದ ಕೆಲಸ ಹಿಡಿದಳು, ಮನೆಯಲ್ಲಿ ಜೋರಾಗಿ ನಗತೊಡಗಿದಳು.

"ಅದರ ತಾತ ಮುತ್ತಾತ ಬಲ್ಬ್ ಹಾಕ್ಕೊಂಡು ಬದುಕಿದ್ರಾ?" ಎಂದ ಅಣ್ಣ ಈಗ.

"ಇಲ್ಲ, ಸೂರ್ಯನ ಕೆಳಗೆ ಬದುಕಿದ್ರು. ಬಿಸಿಲು ಬೀಳೋ ಜಾಗ ತೋರ್ಸು, ಈಗಲೇ ಕಿತ್ತಾಕ್ತೀನಿ."

"ಮನೆಗೆ ಬೆಂಕಿ ಬಿದ್ರೆ?"

"ಸರಪಳಿಗೆ ನೇತುಹಾಕಿದೀನಿ. ಸುತ್ತ ತಂತಿ ಬಲೆ ಇದೆ. ಕಾವು ಜಾಸ್ತಿಯಾದ್ರೆ ತಾನೇ ಆರುತ್ತೆ. ಇನ್ನೇನಿದೆ ಕೇಳು."

ಕೇಳಲು ಅವನ ಬಳಿ ಏನೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ದೊಡ್ಡವರು ಮಾಡುವುದನ್ನೇ ಅವನೂ ಮಾಡಿದ, ದನಿ ಏರಿಸಿದ. ಮತ್ತೆ ಪ್ಲಗ್ ಕಿತ್ತು, ತಂತಿಯನ್ನು ಮುಂಗೈಗೆ ಸುತ್ತಿಕೊಂಡ.

"ನನ್ನ ಮನೇಲಿ ಇರೋದಾದ್ರೆ ಇದು ಹೊತ್ತಕೂಡದು, ಅಷ್ಟೇ. ಈ ಆಮೆ ಮೊದ್ಲು ಎಷ್ಟು ಸಾಧುವಾಗಿತ್ತು! ನೀನೂ ಹಾಗೇ ಇದ್ದೆ. ಎಷ್ಟು ಚೆನ್ನಾಗಿದ್ರಿ ಇಬ್ರೂ!"

ಈ ಮನೆ ಬಿಟ್ಟರೆ ತಂಗಿಗೆ ಬೇರೆ ಸೂರಿಲ್ಲ. ಬಲ್ಬು ಆರಿದರೆ ಆಮೆ ಉಳಿಯುವುದಿಲ್ಲ. ಹೆದರಿಕೆಯಾಯಿತು, ಆದರೆ ಹೆದರಿಕೆಗಿಂತ ಸಿಟ್ಟೇ ಮುಂದೆ ಬಂತು. ಅಣ್ಣನ ಮುಂಗೈ ಹಿಡಿದು, ಒಂದೊಂದೇ ಸುತ್ತಾಗಿ ತಂತಿ ಬಿಡಿಸಿದಳು.

"ನಾವಿಬ್ರೂ ಸಾಧುವಾಗಿರ್ಲಿಲ್ಲ ಅಣ್ಣ. ಚಳಿಗೆ ಮರಗಟ್ಟಿ ಬಿದ್ದಿದ್ವಿ. ನೀನು ಅದನ್ನೇ ಒಳ್ಳೆತನ ಅಂದ್ಕೊಂಡೆ." ಪ್ಲಗ್ ಒಳಗೆ ಹೋಯಿತು, ಬಲ್ಬು ಹೊತ್ತಿತು. "ಹೊರಗೆ ಹಾಕೋದಾದ್ರೆ ಹಾಕು. ಆಮೇನೂ ಬಲ್ಬನ್ನೂ ಎತ್ಕೊಂಡೇ ಹೋಗ್ತೀನಿ. ಈ ರೂಮಲ್ಲಿ ಇರೋತನಕ ಮಾತ್ರ ಇದನ್ನ ಆರಿಸೋಕೆ ಬಿಡಲ್ಲ."

ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. "ನೋಡ್ದೇನೇ ಇವಳ ಬಾಯಿ? ನೀನಾದ್ರೂ ಬುದ್ಧಿ ಹೇಳು."

ಅತ್ತಿಗೆ ಒದ್ದೆ ಕೈಗಳನ್ನು ಟವೆಲಿಗೆ ಒರೆಸಿಕೊಳ್ಳುತ್ತ ಬಂದಳು. "ಕಿವಿಗೆ ಹತ್ತಿ ಇಟ್ಕೊಂಡು ಮಲಗಿ," ಎಂದು ಗಂಡನಿಗೆ ಹೇಳಿ, ನಾದಿನಿಯನ್ನು ತುಸು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯ ಬಳಿ ಕುಕ್ಕರುಗಾಲಲ್ಲಿ ಕೂತು, ತನ್ನ ಎರಡೂ ಅಂಗೈಗಳನ್ನು ಬಲ್ಬಿನ ಕಾವಿಗೆ ಒಡ್ಡಿದಳು.