ಕೋಲ್ಡ್ ರೂಮಿನ ಬಾಗಿಲು

“ಈ ಬಾಗಿಲು ಯಾವಾಗ ಮುಚ್ಚಿತು?”

ಮೀನಿನ ಕೋಲ್ಡ್ ರೂಮಿನೊಳಗೆ ಒಬ್ಬರೇ ಇದ್ದ ಮ್ಯಾನೇಜರ್ ತಮ್ಮಷ್ಟಕ್ಕೆ ಕೇಳಿಕೊಂಡರು. ಒಳಗಿನ ಹಿಡಿ ತಿರುಗಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಬಾಗಿಲು ಗುದ್ದಿದಾಗ ಹೊರಗಿನಿಂದ ಕೆಲಸದ ದೂಮಪ್ಪನ ದನಿ ಕೇಳಿತು.

“ಒಳಗೆ ನೀವಾ ಸಾರ್?”

“ತೆಗಿ ಮಾರಾಯ, ಕೈ ಮರಗಟ್ಟಿತು!”

“ನಿನ್ನೆ ರಾತ್ರಿ ನಾನು ಮಲಗಿದ ಮೇಲೆ ನಿಮ್ಮ ಮೆಸೇಜ್ ಬಂತಲ್ಲ ಸಾರ್? ‘ನಾನು ಬರೆದು ಕಳಿಸದೆ ಯಾರು ಹೇಳಿದರೂ ಕೋಲ್ಡ್ ರೂಮ್ ತೆಗೀಬೇಡ’ ಅಂತ.”

“ಯಾರು ಅಂದರೆ ನಾನಲ್ಲ ಮಾರಾಯ! ಮೊದಲೆಲ್ಲ ಹೇಳದೆಯೇ ಮಾಡ್ತಿದ್ದಿಯಲ್ಲ?”

“ಮಾಡಿದ್ದಕ್ಕೆಲ್ಲ, ಊಟಕ್ಕೆ ಕೂತಾಗಲೂ ನಿಮ್ಮ ಮೆಸೇಜು: ‘ಯಾರನ್ನು ಕೇಳಿ ಮಾಡಿದೆ?’ ಈಗ ನನ್ನ ತಲೆಯೇ ಓಡುವುದಿಲ್ಲ ಸಾರ್.”

“ದಮ್ಮಯ್ಯ, ತೆಗಿ!”

ಹೊರಗೆ ದೂಮಪ್ಪ ಮೊಬೈಲ್ ತೆಗೆದು ನೋಡಿದ; ಹೊಸ ಮೆಸೇಜ್ ಬಂದಿರಲಿಲ್ಲ.

“ಇಲ್ಲ ಸಾರ್,” ಎಂದ ದೂಮಪ್ಪ. “ತೆಗೆಯುವುದಿಲ್ಲ.”