ಮೂರು ಕೂಗು

ತೀರಿಹೋದ ಗಂಡನದೆಂದು ಮೈದುನ ಕೋರ್ಟಿಗೆ ತಂದ ಉಯಿಲನ್ನು ಮುದುಕಿ ಒಪ್ಪಿರಲಿಲ್ಲ. ಕೋರ್ಟಿನ ಬಾಗಿಲಲ್ಲಿ ಹೆಸರನ್ನು ಮೂರು ಸಲ ಕೂಗಿದರೂ ಅವಳು ಬಾರದಿದ್ದರೆ ಮನೆ ಅವನದೇ.

"ಆಕಿ ಹೆಸರು ಮೆಲ್ಲಕ ಕೂಗ್ರಿ, ಅಷ್ಟ ಸಾಕು," ಎಂದಿದ್ದ ಮೈದುನ. ತನ್ನ ಮಗಳ ಮದುವೆ ಕುದುರಿಸಿಕೊಟ್ಟವನ ಮಾತನ್ನು ತೆಗೆದುಹಾಕಲು ಹೆಸರು ಕೂಗುವ ಕೋರ್ಟಿನ ಜವಾನನಿಗೆ ಆಗಲಿಲ್ಲ.

ಬಾಗಿಲಲ್ಲಿ ನಿಂತು ಉಳಿದವರ ಹೆಸರನ್ನೆಲ್ಲ ಗಂಟಲು ಹರಿಯುವಂತೆ ಕೂಗಿದ. ಅವಳ ಸರದಿ ಬಂದಾಗ ಮಾತ್ರ, ಅವಳು ಕೂತಿದ್ದ ಎದುರಿನ ಬೆಂಚಿನತ್ತ ನೋಡದೆ, ತನಗೇ ಕೇಳಿಸದಷ್ಟು ಮೆಲ್ಲಗೆ "ನೀಲವ್ವ" ಅಂದ. ಎರಡನೆಯ ಸಲ ದನಿ ಇನ್ನೂ ಇಳಿಸಿದ. ಮೂರನೆಯದು ಮುಗಿಯುವಷ್ಟರಲ್ಲಿ ಮುದುಕಿ ಅವನ ಮುಂದೆಯೇ ನಿಂತಿದ್ದಳು.

"ನಿನಗ... ಕೇಳಿಸ್ತೇನವ್ವಾ?"

"ಕಿವಿ ಹೋಗಿ ಭಾಳ ವರ್ಷ ಆತಪ್ಪ. ಮುಂಜಾನಿಂದ ನಿನ್ನ ತುಟೀನ ನೋಡ್ಕೋತ ಕುಂತೀನಿ. ನನ್ನ ಹೆಸರು ಬಂದಾಗಷ್ಟ ಅವು ಯಾಕ ನಡುಗಿದ್ವೋ ಯಪ್ಪಾ?"