ಇಂಗ್ಲಿಷ್ ಗಂಟೆ

ಒದ್ದೆ ಬೆಡ್‌ಶೀಟಿನ ಜೊತೆಗೆ ನಾದಿನಿಯ ಅಂಗಿತೋಳಿನ ಅಂಚೂ ಇಸ್ತ್ರಿ ಯಂತ್ರದ ಬಿಸಿ ರೋಲರಿನತ್ತ ಸರಿಯುತ್ತಿರುವುದು ಅತ್ತಿಗೆಯ ಕಣ್ಣಿಗೆ ಬಿತ್ತು. ಗಡಿಯಾರದಲ್ಲಿ ಹತ್ತೂಕಾಲು. ಅವಳು ಬಾಯಿ ತೆರೆದಳು, ಒಂದು ಕ್ಷಣ ತಡೆದಳು, ಆಮೇಲೆ “ವಾಚ್ ಔಟ್” ಎಂದು ಕೂಗಿದಳು.

ಆ ಲಾಂಡ್ರಿಯಲ್ಲಿ ಹತ್ತರಿಂದ ಹನ್ನೊಂದು ಇಂಗ್ಲಿಷ್ ಗಂಟೆ. ಹೊಸ ಮ್ಯಾನೇಜರನ ಘನವಾದ ತಲೆಗೆ ಹೊಳೆದದ್ದು. ಹೋಟೆಲುಗಳ ಕೊಳೆ ಬಟ್ಟೆ ಒಗೆಯುವವರು ದಿನಕ್ಕೆ ಐದು ನುಡಿಗಟ್ಟು ಬಾಯಿಪಾಠ ಮಾಡಬೇಕು, ಕೆಲಸದ ನಡುವೆ ಗಟ್ಟಿಯಾಗಿ ಕೂಗಬೇಕು. ಕೇಳಿದವರು ಮೆಚ್ಚಿ ಹೆಬ್ಬೆರಳು ಎತ್ತಬೇಕು. ಬಾಯಿ ತಪ್ಪಿ ಮನೆಮಾತು ಬಂತೋ, ಹಲಗೆಯ ಮೇಲೆ ಹೆಸರಿನ ಮುಂದೆ ಕೆಂಪು ಗೀಟು. ಮೂರು ಗೀಟಾದರೆ ಬಡ್ತಿಯ ಆಸೆ ಬಿಡಬೇಕು. ಅತ್ತಿಗೆಗೆ ಆಗಲೇ ಎರಡು ಬಿದ್ದಿದ್ದವು. ಸೂಪರ್‌ವೈಸರ್ ಪಟ್ಟಿ ಬರುವುದು ಮರುದಿನ.

ಕಾಲು ಗಂಟೆಯಿಂದ ಲಾಂಡ್ರಿಯಲ್ಲಿ “ಗಿವ್ ಅಪ್”, “ಪೀಸ್ ಆಫ್ ಕೇಕ್” ಎಂದು ಮೂಲೆಮೂಲೆಯಿಂದ ಕೂಗು ಎದ್ದಿತ್ತು. ಇದೂ ಅಂಥದ್ದೇ ಇರಬೇಕು ಎಂದುಕೊಂಡ ನಾದಿನಿ ತಲೆ ಎತ್ತಿ ನಕ್ಕಳು. ಎಡಗೈಯ ಹೆಬ್ಬೆರಳು ಎತ್ತಿ ತೋರಿಸಿದಳು. ಬಲಗೈಯನ್ನು ರೋಲರ್ ಎಳೆದುಕೊಂಡಿತು.

ಸಂಜೆ ಆಸ್ಪತ್ರೆಗೆ ಮ್ಯಾನೇಜರ್ ಅಪಘಾತದ ಹೇಳಿಕೆಯ ಕಾಗದ ಹಿಡಿದು ಬಂದ. ಎರಡು ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರು. ಅವನು ಬೆಂಚಿನ ತುದಿಯಲ್ಲಿ ಕುಳಿತು, ಇದರಲ್ಲಿ ಯಾರ ತಪ್ಪೂ ಇಲ್ಲ, ಹುಡುಗಿಯೇ ಸ್ವಲ್ಪ ಗಮನ ಕೊಡಬೇಕಿತ್ತು ಎಂದು ಸಮಾಧಾನದ ದನಿಯಲ್ಲಿ ಹೇಳಿದ.

“ನೀವು ಸರಿಯಾದ ಟೈಮಿಗೇ ಎಚ್ಚರಿಸಿದ್ರಿ. ಉಚ್ಚಾರಣೆನೂ ಚೆನ್ನಾಗಿತ್ತು. ಇಲ್ಲೊಂದು ಸೈನ್ ಹಾಕಿ. ಪಟ್ಟೀಲಿ ನಿಮ್ಮ ಹೆಸರೇ ಮೊದಲನೇದು.”

ಅತ್ತಿಗೆಗೆ ಮೈಯೆಲ್ಲ ಉರಿಯಿತು. ಅವನ ಮೇಲೆ ಎಷ್ಟು ಸಿಟ್ಟೋ, ತನ್ನ ಮೇಲೆ ಅದಕ್ಕಿಂತ ಹೆಚ್ಚು. “ಕೈ ತೆಗಿಯೇ” ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅದು ನಾಲಿಗೆಯ ತುದಿಗೆ ಬಂದೇ ಬಂದಿತ್ತು. ನುಂಗಿಕೊಂಡಿದ್ದಳು.

“ಪೆನ್ ಕೊಡಿ” ಎಂದಳು.

ಸಹಿಯ ಜಾಗ ಬಿಟ್ಟು, ಟೈಪು ಮಾಡಿದ ಇಂಗ್ಲಿಷ್ ಸಾಲುಗಳ ಮೇಲೆಯೇ, ಕಾಗದ ಹರಿಯುವಷ್ಟು ಒತ್ತಿ ತನ್ನ ಭಾಷೆಯಲ್ಲಿ ಬರೆದಳು: “ನಾನು ಎಚ್ಚರಿಸಲಿಲ್ಲ. ಗೀಟಿಗೆ ಹೆದರಿ ಪಾಠ ಒಪ್ಪಿಸಿದೆ.”